ಬಿಎಸ್6 ಡೀಸೆಲ್ ಕಾರು ತಗೊಂಡು ಹತ್ತು ವರ್ಷ ಇಟ್ಟುಕೊಳ್ಳಬಹುದಾ? ಡಿಪಿಎಫ್, ಆಡ್‌ಬ್ಲೂ, ಆಯಿಲ್ ಲೆಕ್ಕ

ಹೇಮಾವತಿ ದಂಡೆ
ಎಲ್ಲರಿಗೂ ನಮಸ್ಕಾರ. ಊರು ಹಾಸನ. ಆಫೀಸಿಗೆ ಹೋಗೋದು 6 ಕಿ.ಮೀ., ಬರೋದು 6 ಕಿ.ಮೀ. ತಿಂಗಳಿಗೆ ಎರಡು ಸಲ ಬೆಂಗಳೂರು, ಹೋಗಿಬಂದರೆ 360 ಕಿ.ಮೀ. ಆಗುತ್ತೆ. 15 ಲಕ್ಷದ ಆಸುಪಾಸಿನ ಗಾಡಿ, ಹತ್ತು ವರ್ಷ ಮಾರೋ ಯೋಚನೆ ಇಲ್ಲ. ಹೊಗೆಯ ಮಸಿ ಹಿಡಿಯೋ ಜರಡಿ ಬಗ್ಗೆ ಕೇಳಿದ್ರೆ ಶೋರೂಮಿನವರು "ಡಿಪಿಎಫ್ ಅಂತೆಲ್ಲ ತಲೆ ಕೆಡಿಸ್ಕೋಬೇಡಿ ಸರ್" ಅಂತಾರೆ. ಗ್ಯಾರೇಜಿನವರು "ಬಿಎಸ್6 ಡೀಸೆಲ್ ಮುಟ್ಟಲೇಬೇಡಿ" ಅಂತಾರೆ. ಇಬ್ಬರೂ ಕಾರಣ ಹೇಳೋದಿಲ್ಲ. ಕಾರಣ ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.

ಲೆಕ್ಕದ ಪುಸ್ತಕ
ಮೊದಲು ಸಿಗೋದು ಏನು ಅಂತ ನೋಡೋಣ, ಯಾಕಂದ್ರೆ ಆಯ್ಕೆ ಅರ್ಧಕ್ಕರ್ಧ ಕರಗಿಹೋಗಿದೆ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಅನ್ನೋ ಹೊಗೆ ಮಿತಿಯ ನಿಯಮ ಬಂದಾಗಲೇ ಮಾರುತಿ ಡೀಸೆಲ್ ನಿಲ್ಲಿಸಿತು. ಫೋಕ್ಸ್‌ವ್ಯಾಗನ್, ಸ್ಕೋಡಾ, ರೆನೋ, ನಿಸಾನ್ ಎಲ್ಲ ಅದೇ ಹೊತ್ತಿಗೆ ಬಿಟ್ಟರು. 2021ರಲ್ಲಿ ಫೋರ್ಡ್ ಇಲ್ಲಿ ಕಾರು ತಯಾರಿಸೋದನ್ನೇ ನಿಲ್ಲಿಸಿತು. 2023ರ ಏಪ್ರಿಲ್‌ನಲ್ಲಿ ಎರಡನೇ ಹಂತ ಬಂತು: ಹೊಗೆಯನ್ನ ಲ್ಯಾಬ್‌ನಲ್ಲಿ ಅಳೆದರೆ ಸಾಲದು, ರಸ್ತೆ ಮೇಲೂ ಅಳೆಯಬೇಕು ಅಂತ. ಆ ಹೊತ್ತಿಗೆ ಹೋಂಡಾ ಸಿಟಿ ಡೀಸೆಲ್, ಹ್ಯುಂಡೈ ವರ್ನಾ ಡೀಸೆಲ್ ಎರಡೂ ಹೋದವು. ಅಲ್ಲಿಗೆ ಸಾಮಾನ್ಯರ ಬಜೆಟ್ಟಿನ ಡೀಸೆಲ್ ಸೆಡಾನ್ ಕಥೆ ಮುಗೀತು.

2025ರ ಹೊತ್ತಿಗೆ ಉಳಿದಿದ್ದು ಹೆಚ್ಚುಕಮ್ಮಿ ಎಸ್‌ಯುವಿಗಳೇ. ಹ್ಯುಂಡೈ ವೆನ್ಯೂ, ಕ್ರೆಟಾ, ಅಲ್ಕಜಾರ್. ಕಿಯಾ ಸೋನೆಟ್, ಸೆಲ್ಟೋಸ್, ಕ್ಯಾರೆನ್ಸ್. ಟಾಟಾದಲ್ಲಿ ನೆಕ್ಸಾನ್, ಕರ್ವ್, ಹ್ಯಾರಿಯರ್, ಸಫಾರಿ. ಮಹೀಂದ್ರಾದಲ್ಲಿ ಬೊಲೆರೊದಿಂದ ಎಕ್ಸ್‌ಯುವಿ700 ತನಕ ಸಾಲು. ಟೊಯೋಟಾದಲ್ಲಿ ಕ್ರಿಸ್ಟಾ, ಫಾರ್ಚೂನರ್, ಹೈಲಕ್ಸ್. ಹ್ಯಾಚ್‌ಬ್ಯಾಕ್ ಬೇಕಂದ್ರೆ ಟಾಟಾ ಆಲ್ಟ್ರೋಜ್ ಒಂದೇ, ಅದೂ ಮ್ಯಾನ್ಯುಯಲ್ ಗೇರ್ ಮಾತ್ರ. ಕ್ರಿಸ್ಟಾ ಡೀಸೆಲ್ಲೂ ಮ್ಯಾನ್ಯುಯಲ್ ಮಾತ್ರ.

ಇನ್ನು ತೆರಿಗೆ. 2025ರ ಸೆಪ್ಟೆಂಬರ್ 22ರಿಂದ 4 ಮೀಟರ್ ಒಳಗಿನ, 1500 ಸಿಸಿ ತನಕದ ಡೀಸೆಲ್‌ಗೆ ಜಿಎಸ್‌ಟಿ 18%, ಅದಕ್ಕಿಂತ ದೊಡ್ಡದಕ್ಕೆ 40%. ಮೊದಲು ಸಣ್ಣ ಡೀಸೆಲ್‌ಗೆ ಸೆಸ್ ಸೇರಿ 31% ಇತ್ತು. ಹಾಗಾಗಿ ವೆನ್ಯೂ, ಸೋನೆಟ್, ನೆಕ್ಸಾನ್, ಮಹೀಂದ್ರಾ 3ಎಕ್ಸ್‌ಒ ಗುಂಪಿಗೆ ಲಾಭ ಜಾಸ್ತಿ.

ಕಡಲ ಕಡೆಯವ
ಒಂದು ಸಂಶಯ. ದೊಡ್ಡ ಎಂಜಿನ್‌ನವರು ಉಳಿದ್ರು, ಸಣ್ಣ ಎಂಜಿನ್‌ನವರೇ ಯಾಕೆ ಹೋದ್ದು?

ಸ್ಪ್ಯಾನರ್ 12-13
ಹೊಗೆ ಶುದ್ಧ ಮಾಡುವ ಸಾಮಾನಿನ ಖರ್ಚು ಎಂಜಿನ್ ಸಣ್ಣದಾದಷ್ಟು ಕಡಿಮೆ ಆಗುವುದಿಲ್ಲ. ಬಿಎಸ್4ರಲ್ಲಿ ಡೀಸೆಲ್ ಕಾರಿಗೆ ನೈಟ್ರೋಜನ್ ಆಕ್ಸೈಡ್ ಮಿತಿ ಕಿ.ಮೀ.ಗೆ 250 ಮಿ.ಗ್ರಾಂ ಇತ್ತು, ಬಿಎಸ್6ರಲ್ಲಿ 80. ಮಸಿಯ ಕಣ 25 ಮಿ.ಗ್ರಾಂ ಇದ್ದದ್ದು 4.5ಕ್ಕೆ ಇಳಿಯಿತು. ಮಸಿಗೆ ಡಿಪಿಎಫ್ ಬೇಕೇ ಬೇಕು. ನೈಟ್ರೋಜನ್ ಆಕ್ಸೈಡಿಗೆ ಅದನ್ನು ಹಿಡಿದಿಡುವ ಎಲ್‌ಎನ್‌ಟಿ ಅಥವಾ ಆಡ್‌ಬ್ಲೂ (ಯೂರಿಯಾ ದ್ರಾವಣ) ಬಳಸುವ ಎಸ್‌ಸಿಆರ್ ಎಂಬ ಸಾಧನ ಬೇಕು. ಜೊತೆಗೆ ತಾಪದ ಸೆನ್ಸರ್‌ಗಳು, ಒತ್ತಡದ ಸೆನ್ಸರ್, ನೈಟ್ರೋಜನ್ ಆಕ್ಸೈಡ್ ಅಳೆಯುವ ನಾಕ್ಸ್ ಸೆನ್ಸರ್. 25 ಲಕ್ಷದ ಗಾಡಿಯಲ್ಲಿ ಈ ಖರ್ಚು ಅಡಗಿಹೋಗುತ್ತದೆ, 8 ಲಕ್ಷದ್ದರಲ್ಲಿ ಎದ್ದು ಕಾಣುತ್ತದೆ.

ಇನ್ನು ಹಾಸನದವರ ಪ್ರಶ್ನೆ. ಡೀಸೆಲ್ ಅಂದರೆ ಎಲ್ಲರೂ "ವರ್ಷಕ್ಕೆ ಎಷ್ಟು ಕಿ.ಮೀ.?" ಅಂತ ಕೇಳುತ್ತಾರೆ. ಬಿಎಸ್4 ಕಾಲಕ್ಕೆ ಅದು ಸರಿ ಇತ್ತು. ಈಗ ಕೇಳಬೇಕಾದ್ದು ಎಂತಹ ಕಿ.ಮೀ. ಎಂದು. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ವರ್ಷಕ್ಕೆ 15,000 ತೆವಳುವ ಗಾಡಿಗಿಂತ ಹೈವೇಯಲ್ಲಿ 8,000 ಓಡುವ ಗಾಡಿ ಆರೋಗ್ಯವಾಗಿರುತ್ತದೆ.

ಡಿಪಿಎಫ್ ಅಂದರೆ ಸೈಲೆನ್ಸರ್ ದಾರಿಯಲ್ಲಿ ಕೂತ ಸೆರಾಮಿಕ್ ಜರಡಿ. ಮಸಿ ಅದರಲ್ಲಿ ಸಿಕ್ಕಿಕೊಳ್ಳುತ್ತದೆ, ಆಮೇಲೆ ಅಲ್ಲೇ ಸುಟ್ಟುಹೋಗಬೇಕು. ಹೈವೇಯಲ್ಲಿ ಭಾರ ಬಿದ್ದಾಗ ಹೊಗೆಯ ತಾಪ 300 ಡಿಗ್ರಿ ಸೆಲ್ಸಿಯಸ್ ದಾಟಿದರೆ ನಿಧಾನಕ್ಕೆ ತಾನಾಗಿಯೇ ಸುಡುತ್ತಿರುತ್ತದೆ. ಅಷ್ಟು ಸಾಲದಿದ್ದರೆ ಎಂಜಿನ್ ನಡೆಸುವ ಕಂಪ್ಯೂಟರ್, ಇಸಿಯು, ತಾನೇ ಮಸಿ ಸುಡುವ ಕೆಲಸ ಶುರು ಮಾಡುತ್ತದೆ, ಇದೇ ರೀಜನ್: ಪಿಸ್ಟನ್ ಕೆಳಗಿಳಿದ ಮೇಲೆ ಇನ್ನೊಂದು ಸ್ವಲ್ಪ ಡೀಸೆಲ್ ಚಿಮ್ಮಿಸಿ, ಅದು ಮುಂದಿನ ಕ್ಯಾಟಲಿಸ್ಟ್‌ನಲ್ಲಿ ಉರಿದು, ಜರಡಿಯ ತಾಪ 600 ಡಿಗ್ರಿ ಸುತ್ತ ಏರುತ್ತದೆ. ಇದಕ್ಕೆ 10ರಿಂದ 20 ನಿಮಿಷ ಬೇಕು. ನೀವು 6 ಕಿ.ಮೀ. ಓಡಿ ಕೀ ತೆಗೆದರೆ ರೀಜನ್ ಅರ್ಧಕ್ಕೇ ನಿಲ್ಲುತ್ತದೆ. ಮಸಿ ಉಳಿಯುತ್ತದೆ. ಚಿಮ್ಮಿಸಿದ ಹೆಚ್ಚುವರಿ ಡೀಸೆಲ್‌ನಲ್ಲಿ ಒಂದು ಪಾಲು ಸಿಲಿಂಡರ್ ಗೋಡೆ ಹಿಡಿದು ಪಿಸ್ಟನ್ ರಿಂಗ್ ದಾಟಿ ಕೆಳಗಿನ ಎಂಜಿನ್ ಆಯಿಲ್ ತೊಟ್ಟಿಗೆ ಇಳಿದಿರುತ್ತದೆ. ಮರುದಿನ ಮತ್ತೆ ಶುರು, ಮತ್ತೆ ಅರ್ಧ. ಗ್ಯಾರೇಜಿನವರು ಮುಟ್ಟಬೇಡಿ ಎನ್ನುವುದು ಇದಕ್ಕೇ. ನಿಮ್ಮ ಆಫೀಸಿನ 6 ಕಿ.ಮೀ.ಯಲ್ಲಿ ಡೀಸೆಲ್ ಎಂಜಿನ್ ಪೂರ್ತಿ ಬಿಸಿಯೂ ಆಗುವುದಿಲ್ಲ.

ಆದರೆ ನಿಮಗೆ ಬೆಂಗಳೂರು ಓಡಾಟ ಇದೆ. ಹದಿನೈದು ದಿನಕ್ಕೊಮ್ಮೆ 180 ಕಿ.ಮೀ. ಒಂದೇ ಸಮ ಓಡಿದರೆ ಜರಡಿ ಖಾಲಿಯಾಗುತ್ತದೆ. ಹಾಗಾಗಿ ನಿಮಗೆ ನಡೆಯುತ್ತದೆ. ಬೆಂಗಳೂರು ಟ್ರಿಪ್ ನಿಂತ ದಿನ ನಡೆಯುವುದಿಲ್ಲ.

ಗಾಳಿ ಗುಡ್ಡ
ನೋಡ್ರಿ, ನಮ್ಮ ಕಡೆ ಭಾಳ ಮಂದಿ ಭಾನುವಾರ ಧಾರವಾಡ ಬೈಪಾಸ್ ಮ್ಯಾಲೆ ಗಾಡಿ ಒಯ್ದು ಹತ್ತು ಕಿಲೋಮೀಟರ್ ಜೋರಾಗಿ ಓಡಿಸಿ ವಾಪಸ್ ಬರ್ತಾರ. "ಡಿಪಿಎಫ್ ಕ್ಲೀನ್ ಆತು" ಅಂತಾರ. ಇದ್ರಾಗ ಅರ್ಥ ಐತೇನ್ರಿ?

ಸ್ಪ್ಯಾನರ್ 12-13
ಅರ್ಥ ಇದೆ, ಆದರೆ ಹತ್ತು ಕಿ.ಮೀ. ಸಾಲದು. ಮೊದಲ ಎಂಟು ಹತ್ತು ಕಿ.ಮೀ. ಎಂಜಿನ್ ಬಿಸಿ ಆಗುವುದಕ್ಕೇ ಹೋಗುತ್ತದೆ. ಆಮೇಲೆ 20–25 ನಿಮಿಷ ಬೇಕು. ಜೋರು ಬೇಡ, ಒಂದೇ ಸಮ ಬೇಕು: 60–80 ಕಿ.ಮೀ. ವೇಗ, 2000–2500 ಆರ್‌ಪಿಎಂ. ಟಾಪ್ ಗೇರಿನಲ್ಲಿ 1400 ಆರ್‌ಪಿಎಂಗೆ ಎಳೆಸುವ ಬದಲು ಒಂದು ಗೇರ್ ಕಡಿಮೆ ಇಡಿ.

ಇನ್ನೊಂದು ವಿಷಯ: ಇಸಿಯುಗೆ ಬೇಕೆನಿಸಿದಾಗ ಮಾತ್ರ ರೀಜನ್ ಶುರುವಾಗುತ್ತದೆ. ಟ್ಯಾಂಕಿನಲ್ಲಿ ಡೀಸೆಲ್ ತೀರ ಕೆಳಗಿದ್ದರೆ ಹಲವು ಗಾಡಿಗಳಲ್ಲಿ ಶುರುವಾಗುವುದೇ ಇಲ್ಲ. ಚೆಕ್ ಎಂಜಿನ್ ಲೈಟ್ ಉರಿಯುತ್ತಿದ್ದರೂ ಅಷ್ಟೇ. "ದಿನಾ ಹೈವೇಯಲ್ಲೇ ಓಡಿಸ್ತೀನಿ, ಆದ್ರೂ ಡಿಪಿಎಫ್ ಕಟ್ಟಿಕೊಳ್ತು" ಎನ್ನುವವರಲ್ಲಿ ಎಷ್ಟೋ ಜನರ ಟ್ಯಾಂಕ್ ಯಾವಾಗಲೂ ರಿಸರ್ವ್ ಹತ್ತಿರ ಇರುತ್ತದೆ, ಇಲ್ಲವೇ ಯಾವುದೋ ಸೆನ್ಸರ್ ಸತ್ತು ತಿಂಗಳಾಗಿರುತ್ತದೆ. ಕಾಲು ಟ್ಯಾಂಕಿಗಿಂತ ಕೆಳಗೆ ಬಿಡಬೇಡಿ.

ಹೇಮಾವತಿ ದಂಡೆ
ರೀಜನ್ ನಡೀತಿದೆ ಅಂತ ಡ್ರೈವರ್‌ಗೆ ಗೊತ್ತಾಗೋದು ಹೇಗೆ? ಡ್ಯಾಶ್‌ಬೋರ್ಡಲ್ಲಿ ಏನೂ ತೋರಿಸೋದಿಲ್ಲ ಅಂತಾರಲ್ಲ.

ಸ್ಪ್ಯಾನರ್ 12-13
ಬಹುತೇಕ ಗಾಡಿಗಳಲ್ಲಿ ತೋರಿಸುವುದಿಲ್ಲ. ಲೈಟ್ ಬರುವುದು ರೀಜನ್ ನಾಲ್ಕಾರು ಸಲ ಕೆಟ್ಟ ಮೇಲೆ. ಆದರೆ ಸುಳಿವು ಸಿಗುತ್ತದೆ. ನಿಂತಾಗ ಐಡಲ್ 800ರ ಹತ್ತಿರ ಇರಬೇಕಾದ್ದು 950–1000ಕ್ಕೆ ಏರಿರುತ್ತದೆ. ಆಟೋ ಸ್ಟಾರ್ಟ್-ಸ್ಟಾಪ್ ಇರುವ ಗಾಡಿ ಸಿಗ್ನಲ್ಲಿನಲ್ಲಿ ಆಫ್ ಆಗುವುದಿಲ್ಲ. ಆ ಕ್ಷಣದ ಮೈಲೇಜ್ ಮೀಟರ್ ಕಾರಣ ಇಲ್ಲದೆ ಕುಸಿಯುತ್ತದೆ. ಎಂಜಿನ್ ಸದ್ದು ಸ್ವಲ್ಪ ಒರಟಾಗುತ್ತದೆ. ಇಳಿದು ನಿಂತರೆ ಸುಟ್ಟ ಕಬ್ಬಿಣದ ಹಾಗೆ ವಾಸನೆ, ಕೀ ತೆಗೆದ ಮೇಲೂ ಫ್ಯಾನ್ ಜೋರಾಗಿ ತಿರುಗುತ್ತಿರುತ್ತದೆ.

ಇವುಗಳಲ್ಲಿ ಎರಡು ಒಟ್ಟಿಗೆ ಕಂಡರೆ ಮನೆ ಬಂತೆಂದು ನಿಲ್ಲಿಸಬೇಡಿ. ಹತ್ತು ನಿಮಿಷ ರಿಂಗ್ ರೋಡ್ ಸುತ್ತಿ ಬನ್ನಿ, ಐಡಲ್ 800ಕ್ಕೆ ಇಳಿದ ಮೇಲೆ ಆಫ್ ಮಾಡಿ. ಒಣಹುಲ್ಲಿನ ಮೇಲೆ, ಕಣದಲ್ಲಿ ಹುಲ್ಲಿನ ಬಣವೆ ಪಕ್ಕ ಮಾತ್ರ ಆ ಹೊತ್ತಲ್ಲಿ ನಿಲ್ಲಿಸಲೇಬಾರದು. ಅಡಿಯ ತಾಪಕ್ಕೆ ಬೆಂಕಿ ಹಿಡಿದೀತು.

ಹಳದಿ ಡಿಪಿಎಫ್ ಲೈಟ್ ಬಂದರೆ ಅಂದೇ ಹೈವೇಗೆ ಒಯ್ಯಿರಿ, ಮೇಲೆ ಹೇಳಿದ ಹಾಗೆ 25 ನಿಮಿಷ ಓಡಿಸಿ. ಲೈಟ್ ಮಿಣುಕಿದರೆ, ಜೊತೆಗೆ ಚೆಕ್ ಎಂಜಿನ್ ಬಂದು ಎಳೆತ ಕಡಿಮೆಯಾದರೆ ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು. ಸ್ಕ್ಯಾನರ್ ಹಾಕಿ ನಿಂತಲ್ಲೇ ಮಾಡುವ ರೀಜನ್ ವರ್ಕ್‌ಶಾಪಿನವರೇ ಮಾಡಬೇಕು. ಆಮೇಲೂ ತಳ್ಳುತ್ತಾ ಹೋದರೆ ಸ್ಕ್ಯಾನರ್ ಕೂಡ ರೀಜನ್‌ಗೆ ಒಪ್ಪುವುದಿಲ್ಲ. ಅಷ್ಟೊಂದು ಮಸಿ ಒಮ್ಮೆಲೇ ಹೊತ್ತಿಕೊಂಡರೆ ತಾಪ 1000 ಡಿಗ್ರಿ ದಾಟಿ ಸೆರಾಮಿಕ್ ಬಿರಿಯುತ್ತದೆ, ಕರಗುತ್ತದೆ. ಆಗ ಉಳಿಯುವುದು ಬಿಚ್ಚಿ ತೊಳೆಸುವುದು ಇಲ್ಲವೇ ಹೊಸದು ಹಾಕುವುದು. ಹೊಸದು ಹಲವು ಗಾಡಿಗಳಿಗೆ ಲಕ್ಷ ದಾಟುತ್ತದೆ.

ಕಡಲ ಕಡೆಯವ
ಶಿರಾಡಿ ಘಾಟಿಯಲ್ಲಿ ವಾರಕ್ಕೊಮ್ಮೆ ಹತ್ತಿ ಇಳಿಯುವವರಿಗೆ ಈ ತಲೆಬಿಸಿ ಇಲ್ಲ ಅಂತ ಲೆಕ್ಕವಾ?

ಸ್ಪ್ಯಾನರ್ 12-13
ಹತ್ತುವಾಗ ಒಳ್ಳೆಯದು. ಭಾರ ಎಳೆಯುವ ಎಂಜಿನ್‌ನ ಹೊಗೆ ಚೆನ್ನಾಗಿ ಬಿಸಿ ಇರುತ್ತದೆ. ಸಕಲೇಶಪುರದಿಂದ ಇಳಿಯುವಾಗ ಉಪಯೋಗ ಇಲ್ಲ. ಗೇರಿನಲ್ಲಿ ಇಳಿದರೆ ಇಂಜೆಕ್ಟರ್ ಡೀಸೆಲ್ ಬಿಡುವುದೇ ಇಲ್ಲ, ಬರೀ ಗಾಳಿ ಹೋಗಿ ಜರಡಿ ತಣ್ಣಗಾಗುತ್ತದೆ. ರೀಜನ್ ಮಧ್ಯದಲ್ಲಿ ಇಳಿಜಾರು ಬಂದರೆ ಅದು ನಿಂತು ಕಾಯುತ್ತದೆ, ಕೆಳಗೆ ಗುಂಡ್ಯ ದಾಟಿದ ಮೇಲೆ ಮುಂದುವರಿಯಬಹುದು. ಲಾರಿ ಹಿಂದೆ ಜಾಮ್‌ನಲ್ಲಿ ಸಿಕ್ಕಿಕೊಂಡರೆ ಎಂಜಿನ್ ಆಫ್ ಮಾಡದೆ ಹಾಗೇ ಬಿಡಿ.

ಲೆಕ್ಕದ ಪುಸ್ತಕ
ದುಡ್ಡಿನ ಮಾತು ಬಾಕಿ ಇದೆ. 2025ರಲ್ಲಿ ಬೆಂಗಳೂರಿನ ದರ ಪೆಟ್ರೋಲ್ 103, ಡೀಸೆಲ್ 91 ಆಸುಪಾಸು. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಡೀಸೆಲ್ ಮಾರಾಟ ತೆರಿಗೆಯನ್ನ 14.34%ರಿಂದ 18.44%ಕ್ಕೆ, 2025ರ ಏಪ್ರಿಲ್‌ನಲ್ಲಿ 21.17%ಕ್ಕೆ ಏರಿಸ್ತು. ಒಂದು ಕಾಲಕ್ಕೆ ಲೀಟರಿಗೆ 30 ರೂಪಾಯಿ ವ್ಯತ್ಯಾಸ ಇತ್ತು. 2025ರಲ್ಲಿ ಹನ್ನೆರಡು.

ಪೆಟ್ರೋಲ್ ಗಾಡಿ ಲೀಟರಿಗೆ 13 ಕಿ.ಮೀ. ಕೊಟ್ರೆ ಕಿ.ಮೀ.ಗೆ 7.92 ರೂ. ಡೀಸೆಲ್ 18 ಕೊಟ್ರೆ 5.06. ವ್ಯತ್ಯಾಸ 2.86. ಇದರಲ್ಲಿ ಆಡ್‌ಬ್ಲೂಗೆ 10 ಪೈಸೆ, ಹೆಚ್ಚಿನ ಸರ್ವಿಸ್‌ಗೆ 25 ಪೈಸೆ ಕಳೀರಿ. ಕೈಗೆ ಬರೋದು 2.50.

ಡೀಸೆಲ್‌ಗೆ ಶೋರೂಂ ಬೆಲೆಯಲ್ಲಿ ಒಂದೂವರೆ ಲಕ್ಷ ಜಾಸ್ತಿ ಅಂತ ಇಟ್ಟುಕೊಳ್ಳಿ. 10ರಿಂದ 20 ಲಕ್ಷದ ಗಾಡಿಗೆ ನಮ್ಮಲ್ಲಿ ಲೈಫ್ ಟ್ಯಾಕ್ಸ್ 17%, ಆ ಟ್ಯಾಕ್ಸ್ ಮೇಲೆ 11% ಸೆಸ್. ಹಾಗಾಗಿ ಆನ್‌ರೋಡ್ ವ್ಯತ್ಯಾಸ 1.8 ಲಕ್ಷ ಆಗುತ್ತೆ. 1.8 ಲಕ್ಷವನ್ನ 2.50ರಿಂದ ಭಾಗಿಸಿದ್ರೆ 72,000 ಕಿ.ಮೀ. ಹಾಸನದವರ ಓಡಾಟ ವರ್ಷಕ್ಕೆ 12,000 ಚಿಲ್ಲರೆ, ಅಂದ್ರೆ ಆರು ವರ್ಷಕ್ಕೆ ಅಸಲು. ಉಳಿದ ನಾಲ್ಕು ವರ್ಷದಲ್ಲಿ ಸಿಗೋದು 1.2 ಲಕ್ಷ. ಅಷ್ಟರಲ್ಲಿ ಒಂದು ನಾಕ್ಸ್ ಸೆನ್ಸರ್, ಎರಡು ಇಂಜೆಕ್ಟರ್ ಹೋದ್ರೆ ಅದೂ ಚುಕ್ತಾ.

ಹಾಗಾಗಿ ದುಡ್ಡು ಉಳಿಯುತ್ತೆ ಅಂತ ಡೀಸೆಲ್ ತಗೋಬೇಡಿ. ಐದು ಜನ, ಲಗೇಜು, ಎಸಿ ಹಾಕಿ ಘಾಟಿ ಹತ್ತುವಾಗ ಬರೋ ಎಳೆತಕ್ಕೆ, ಒಂದು ಟ್ಯಾಂಕಿಗೆ 800 ಕಿ.ಮೀ. ಹೋಗೋದಕ್ಕೆ ತಗೊಂಡ್ರೆ ಬೇಜಾರಾಗಲ್ಲ.

ಗಾಳಿ ಗುಡ್ಡ
ಟರ್ಬೊ ಪೆಟ್ರೋಲ್ ಗಾಡಿ ಊರಾಗ 13 ಕೊಡಂಗಿಲ್ರಿ, 9–10 ಕೊಡ್ತಾವ. ಅದನ್ನ ಲೆಕ್ಕಕ್ಕ ಹಿಡೀರಿ.

ಲೆಕ್ಕದ ಪುಸ್ತಕ
ಸರಿ, ಟರ್ಬೊಗೆ ಹೋಲಿಸಿದ್ರೆ ಅಸಲು ಬೇಗ ಬರುತ್ತೆ. ಆದ್ರೆ ಊರೊಳಗೆ 9 ಕೊಡೋ ಓಡಾಟದಲ್ಲೇ ಡಿಪಿಎಫ್ ಕೂಡ ಕಟ್ಟಿಕೊಳ್ಳೋದು. ಬರೀ ಊರೊಳಗಿನ ಓಡಾಟದವರಿಗೆ ಸಿಎನ್‌ಜಿ, ಹೈಬ್ರಿಡ್, ಇವಿ ಇದೆಯಲ್ಲ.

ಎರಡನೇ ಗೇರ್
ಆಯಿಲ್ ಬಗ್ಗೆ ಯಾರೂ ಹೇಳ್ಲಿಲ್ಲ. ಹೊರಗಡೆ ಗ್ಯಾರೇಜಲ್ಲಿ "15W-40 ಡೀಸೆಲ್ ಆಯಿಲ್ ಹಾಕ್ತೀನಿ, ಲಾರಿಗೇ ತಡೆಯುತ್ತೆ" ಅಂತಾರೆ.

ಸ್ಪ್ಯಾನರ್ 12-13
ಲಾರಿಗೆ ತಡೆಯುತ್ತದೆ, ನಿಮ್ಮ ಜರಡಿಗೆ ತಡೆಯುವುದಿಲ್ಲ. ಎಂಜಿನ್ ಆಯಿಲ್‌ನಲ್ಲಿ ಕ್ಯಾಲ್ಸಿಯಂ, ಸತು, ರಂಜಕದ ಅಂಶ ಇರುತ್ತವೆ. ಒಂದಿಷ್ಟು ಆಯಿಲ್ ಉರಿದೇ ಉರಿಯುತ್ತದೆ, ಆಗ ಇವು ಬೂದಿಯಾಗಿ ಡಿಪಿಎಫ್‌ನಲ್ಲಿ ಕೂರುತ್ತವೆ. ಮಸಿ ಸುಡುತ್ತದೆ, ಬೂದಿ ಸುಡುವುದಿಲ್ಲ. ಒಲೆಯ ಬೂದಿಯನ್ನ ಮತ್ತೆ ಉರಿಸಲು ಹೋದ ಹಾಗೆ, ಎಷ್ಟು ರೀಜನ್ ಮಾಡಿದರೂ ಅದು ಅಲ್ಲೇ. ಎಸಿಇಎ (ಯುರೋಪಿನ ವಾಹನ ತಯಾರಕರ ಸಂಘ) ಗುರುತಿಸುವ ಸಿ2, ಸಿ3, ಸಿ5 ದರ್ಜೆಯ ಆಯಿಲ್‌ನಲ್ಲಿ ಬೂದಿ ಅಂಶ ಗರಿಷ್ಠ 0.8%. ಹಳೆಯ ಎ3/ಬಿ4 ದರ್ಜೆಯಲ್ಲಿ 1.6% ತನಕ ಹೋಗುತ್ತದೆ. ಮ್ಯಾನ್ಯುಯಲ್‌ನಲ್ಲಿ ಯಾವ ದರ್ಜೆ ಬರೆದಿದೆಯೋ ಅದೇ ಹಾಕಿ. ಡಬ್ಬಿಯ ಹಿಂದೆ ಆ ಅಕ್ಷರ ಇರಲೇಬೇಕು. ಮುಂದಿನ ಬದಿಯಲ್ಲಿ ದೊಡ್ಡದಾಗಿ ಬರೆದ 5W-30 ನೋಡಿ ಸಮಾಧಾನಪಡಬೇಡಿ, ಆ ಅಂಕಿ ದಪ್ಪ ಹೇಳುತ್ತದೆ ಅಷ್ಟೇ.

ಡಿಪ್‌ಸ್ಟಿಕ್ಕನ್ನು ಹದಿನೈದು ದಿನಕ್ಕೊಮ್ಮೆ ನೋಡಿ. ಸಮತಟ್ಟು ನೆಲ, ರಾತ್ರಿ ನಿಂತ ಗಾಡಿ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು. ಹಳೆಯ ಗಾಡಿಯಲ್ಲಿ ಆಯಿಲ್ ಕಡಿಮೆ ಆಯಿತಾ ಎಂದು ನೋಡುತ್ತಿದ್ದೆವು. ಇದರಲ್ಲಿ ಜಾಸ್ತಿ ಆಯಿತಾ ಎಂದು ನೋಡಬೇಕು. ತುಂಬಿದ ದಿನದ ಗೆರೆಗಿಂತ ಮೇಲೆ ಹೋಗಿದ್ದರೆ ಡೀಸೆಲ್ ಇಳಿದಿದೆ ಎಂದೇ ಅರ್ಥ. ಬಟ್ಟೆ ಮೇಲೆ ಒರೆಸಿ ಮೂಸಿ ನೋಡಿ, ಬೆರಳಲ್ಲಿ ತಿಕ್ಕಿ ನೋಡಿ. ನೀರಾಗಿದ್ದು ಡೀಸೆಲ್ ವಾಸನೆ ಬಂದರೆ ಕಿ.ಮೀ. ಲೆಕ್ಕ ಕಾಯದೆ ಬದಲಿಸಿ. ತೆಳುವಾದ ಆಯಿಲ್ ಮೊದಲು ಟರ್ಬೊ ಬೇರಿಂಗ್ ತಿನ್ನುತ್ತದೆ, ಆಮೇಲೆ ಕ್ರ್ಯಾಂಕಿನದು. ಊರೊಳಗೆ ಜಾಸ್ತಿ ಓಡುವ ಗಾಡಿಗೆ ಕಂಪನಿ 15,000 ಅಂದಿದ್ದರೂ 7,500–8,000ಕ್ಕೆ ಬದಲಿಸಿದರೆ ನಷ್ಟ ಇಲ್ಲ.

ಒಂದು ಸಾಲು ಸೆಕೆಂಡ್ ಹ್ಯಾಂಡ್ ಫೋರ್ಡ್ ಎಂಡೆವರ್ 2.0 ನೋಡುವವರಿಗೆ: ಅದರ ಟೈಮಿಂಗ್ ಬೆಲ್ಟ್ ಎಂಜಿನ್ ಆಯಿಲ್‌ನಲ್ಲೇ ತಿರುಗುವಂಥದ್ದು. ತಪ್ಪು ಆಯಿಲ್ ಹಾಕಿದ ಗಾಡಿಯಾದರೆ ಬೆಲ್ಟ್ ಪುಡಿಯಾಗಿ ಆಯಿಲ್ ಪಂಪಿನ ಜಾಲರಿ ಕಟ್ಟುತ್ತದೆ. ಸರ್ವಿಸ್ ಬಿಲ್ ಇಲ್ಲದ್ದನ್ನು ಬಿಟ್ಟುಬಿಡಿ.

ಎರಡನೇ ಗೇರ್
ಆಡ್‌ಬ್ಲೂ ಎಲ್ಲಾ ಡೀಸೆಲ್‌ಗೂ ಬೇಕಾ? ಎಷ್ಟು ಕುಡಿಯುತ್ತೆ?

ನೀಲಿ ಮುಚ್ಚಳ
ಎಲ್ಲಕ್ಕೂ ಬೇಡ. 2020–23ರ ಸಣ್ಣ ಡೀಸೆಲ್‌ಗಳಲ್ಲಿ ಹಲವು ಎಲ್‌ಎನ್‌ಟಿಯಲ್ಲೇ ನಡೆಸಿದವು. ಡೀಸೆಲ್ ಹಾಕುವ ಬಾಗಿಲು ತೆಗೆದರೆ ಪಕ್ಕದಲ್ಲಿ ನೀಲಿ ಮುಚ್ಚಳ ಕಂಡರೆ ಎಸ್‌ಸಿಆರ್ ಇದೆ, ಆಡ್‌ಬ್ಲೂ ಬೇಕು. ನಮ್ಮ ಬಂಕುಗಳಲ್ಲಿ ಡಿಇಎಫ್ ಅಂತಲೂ ಕರೀತಾರೆ, ಎರಡೂ ಒಂದೇ: 32.5% ಯೂರಿಯಾ, ಉಳಿದದ್ದು ಖನಿಜ ತೆಗೆದ ಶುದ್ಧ ನೀರು. ಕಾರುಗಳು 1000 ಕಿ.ಮೀ.ಗೆ ಸುಮಾರು 1ರಿಂದ 1.5 ಲೀಟರ್ ತಗೊಳ್ತವೆ.

ಕಡಿಮೆ ಆದಾಗ ಮೊದಲ ಎಚ್ಚರಿಕೆ ಬರೋದು ಸಾಮಾನ್ಯವಾಗಿ 2,000 ಚಿಲ್ಲರೆ ಕಿ.ಮೀ. ಬಾಕಿ ಇರುವಾಗ. ಸೊನ್ನೆಗೆ ಬಂದರೆ ಓಡ್ತಿರೋ ಗಾಡಿ ನಿಲ್ಲೋದಿಲ್ಲ, ಆದರೆ ಆಫ್ ಮಾಡಿದ ಮೇಲೆ ಮತ್ತೆ ಸ್ಟಾರ್ಟ್ ಆಗೋದಿಲ್ಲ. ಆಗ ಅರ್ಧ ಲೀಟರ್ ಸುರಿದರೆ ಸಾಲದು, ಲೆವೆಲ್ ಸೆನ್ಸರ್ ಒಪ್ಪೋಕೆ ಕನಿಷ್ಠ ಕೆಲವು ಲೀಟರ್ ಬೇಕು. ಮ್ಯಾನ್ಯುಯಲ್‌ನಲ್ಲಿ ಪ್ರಮಾಣ ಬರೆದಿರುತ್ತೆ.

ಡಬ್ಬಿ ಮೇಲೆ ಐಎಸ್‌ಒ 22241 ಅಂತ ಇರಬೇಕು, ತಯಾರಾದ ತಾರೀಖೂ ಇರಬೇಕು. ಬಿಸಿಲಿಗೆ ಇಟ್ಟರೆ ಯೂರಿಯಾ ಒಡೆದು ಅಮೋನಿಯಾ ಆಗುತ್ತೆ. ಕಲಬುರಗಿ, ರಾಯಚೂರು ಕಡೆ ಬೇಸಿಗೆಯಲ್ಲಿ ಡಿಕ್ಕಿಯಲ್ಲಿ ಇಟ್ಟುಕೊಂಡು ತಿರುಗೋದು ಬೇಡ. ನೆರಳಲ್ಲಿ ಇಟ್ಟದ್ದು ಒಂದು ವರ್ಷಕ್ಕೆ ಮೋಸ ಇಲ್ಲ. ತುಂಬೋವಾಗ ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೀರಿ, ಒಣಗಿದರೆ ಬಿಳಿ ಹರಳು ಕಟ್ಟಿ ಪೇಂಟು, ವೈರಿನ ಕನೆಕ್ಟರ್ ತಿನ್ನುತ್ತೆ. ಆಯಿಲ್ ಹಾಕಿದ ಲಾಳಿಕೆ ಬಳಸಲೇಬೇಡಿ.

ಗಾಳಿ ಗುಡ್ಡ
ಹೊಲಕ್ಕ ಹಾಕೋ ಯೂರಿಯಾನ ಬಿಸ್ಲೇರಿ ನೀರಾಗ ಕಲಸಿದ್ರ ಆಗಂಗಿಲ್ಲೇನ್ರಿ? ಯೂಟ್ಯೂಬ್‌ನಾಗ ತೋರಸ್ತಾರ.

ನೀಲಿ ಮುಚ್ಚಳ
ಆಗಲ್ಲ. ನಮ್ಮಲ್ಲಿ ಗೊಬ್ಬರದ ಯೂರಿಯಾಗೆ ಬೇವಿನ ಎಣ್ಣೆ ಲೇಪ ಇರುತ್ತೆ. ಆ ಎಣ್ಣೆ ಡೋಸಿಂಗ್ ಪಂಪಿನ ಫಿಲ್ಟರ್, ನಾಜಲ್ ಎರಡನ್ನೂ ಕಟ್ಟುತ್ತೆ. ಬಾಟ್ಲಿ ನೀರಲ್ಲಿ ಕ್ಯಾಲ್ಸಿಯಂ, ಸೋಡಿಯಂ ಇದ್ದೇ ಇರುತ್ತೆ, ಅದು ಕ್ಯಾಟಲಿಸ್ಟ್ ಮೇಲೆ ಪದರ ಕಟ್ಟಿದರೆ ಮತ್ತೆ ಬಿಡಿಸಕ್ಕಾಗಲ್ಲ. ರಿಯಾಯಿತಿ ಯೂರಿಯಾನ ಬೇರೆ ಕೆಲಸಕ್ಕೆ ಬಳಸೋದು ಕಾನೂನು ಪ್ರಕಾರ ಅಪರಾಧ ಅನ್ನೋದು ಬೇರೆ ಮಾತು. ಹತ್ತು ಲೀಟರಿಗೆ ಉಳಿಯೋದು ಕೆಲವು ನೂರು ರೂಪಾಯಿ, ಹಾಳಾಗೋದು ಹತ್ತಾರು ಸಾವಿರದ ಸಾಮಾನು.

ಇನ್ನೂ ದೊಡ್ಡ ಅಪಾಯ, ಆಡ್‌ಬ್ಲೂನ ಡೀಸೆಲ್ ಟ್ಯಾಂಕಿಗೆ ಸುರಿಯೋದು. ಬಂಕಿನ ಹುಡುಗನ ಕೈಗೆ ಕೊಟ್ಟು ಮೊಬೈಲ್ ನೋಡ್ತಾ ಕೂರಬೇಡಿ. ಹಾಗೇನಾದ್ರೂ ಆದರೆ ಕೀ ಆನ್ ಕೂಡ ಮಾಡಬೇಡಿ. ಆನ್ ಮಾಡಿದ ತಕ್ಷಣ ಟ್ಯಾಂಕಿನೊಳಗಿನ ಪಂಪ್ ಅದನ್ನ ಮುಂದಕ್ಕೆ ತಳ್ಳುತ್ತೆ. ಟೋ ಮಾಡಿಸಿ ಟ್ಯಾಂಕ್ ಖಾಲಿ ಮಾಡಿಸಿ. ಪೆಟ್ರೋಲ್ ಹಾಕಿದರೂ ಇದೇ ನಿಯಮ, ಎರಡು ಲೀಟರ್ ಆದರೂ.

ಕಡಲ ಕಡೆಯವ
ಪೆಟ್ರೋಲ್ ಸ್ವಲ್ಪ ಬಿದ್ದರೆ ಡೀಸೆಲ್ ಫುಲ್ ಮಾಡಿ ಓಡಿಸುವುದು ಅಂತ ಹಳಬರು ಹೇಳ್ತಾರೆ ಮಾರಾಯ್ರೆ.

ಸ್ಪ್ಯಾನರ್ 12-13
ಅದು ಅಂಬಾಸಿಡರ್ ಡೀಸೆಲ್ ಕಾಲದ ಮಾತು. ಈಗಿನ ಹೈ ಪ್ರೆಷರ್ ಪಂಪ್ 1600ರಿಂದ 2000 ಬಾರ್ ಒತ್ತಡ ಕೊಡುತ್ತದೆ, ಅದಕ್ಕೆ ಜಾರುವ ಗುಣ ಸಿಗುವುದು ಡೀಸೆಲ್‌ನಿಂದಲೇ. ಪೆಟ್ರೋಲ್ ಆ ಪದರ ತೊಳೆದರೆ ಪಂಪ್ ಒಳಗೇ ಉಜ್ಜಿ ಲೋಹದ ಪುಡಿ ಏಳುತ್ತದೆ. ಪುಡಿ ರೈಲ್‌ಗೆ, ಇಂಜೆಕ್ಟರ್‌ಗೆ, ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ಹೋಗುತ್ತದೆ. ಆಮೇಲೆ ಪಂಪ್ ಒಂದೇ ಬದಲಿಸಿ ಪ್ರಯೋಜನ ಇಲ್ಲ, ಪೂರ್ತಿ ಸಾಲೇ ಬದಲಿಸಬೇಕು.

ನೀರೂ ಇದೇ ಕೆಲಸ ಮಾಡುತ್ತದೆ. ಕರಾವಳಿ, ಮಲೆನಾಡಿನಲ್ಲಿ ಮಳೆಗಾಲ ಪೂರ್ತಿ ಅರ್ಧ ಟ್ಯಾಂಕ್ ಇಟ್ಟುಕೊಂಡರೆ ಒಳಗೆ ತೇವ ಕಟ್ಟುತ್ತದೆ. ಡೀಸೆಲ್ ಫಿಲ್ಟರಿನ ಅಡಿಯಲ್ಲಿ ನೀರು ಬಿಡುವ ಸ್ಕ್ರೂ ಇದ್ದರೆ ಪ್ರತಿ ಸರ್ವಿಸಿನಲ್ಲೂ ಬಿಡಿಸಿ. ಫಿಲ್ಟರ್ ಮಾತ್ರ ಒರಿಜಿನಲ್ಲೇ ಇರಲಿ, ಬದಲಿಸಿದ ಮೇಲೆ ಗಾಳಿ ತೆಗೆಯದೆ ಸೆಲ್ಫ್ ಹೊಡೆಯಬಾರದು.

ಇಂಜೆಕ್ಟರ್ ಬದಲಿಸಿದರೆ ಅದರ ಮೈಮೇಲೆ ಕೊರೆದ ಕೋಡನ್ನು ಸ್ಕ್ಯಾನರ್‌ನಿಂದ ಇಸಿಯುಗೆ ಬರೆಸಬೇಕು. ಬರೆಸದೆ ಬಿಟ್ಟರೆ ಐಡಲ್ ನಡುಗುತ್ತದೆ, ಹೊಗೆ ಜಾಸ್ತಿ ಆಗುತ್ತದೆ, ಡಿಪಿಎಫ್ ಬೇಗ ತುಂಬುತ್ತದೆ. ತಾಮ್ರದ ವಾಷರ್ ಹಳೆಯದನ್ನೇ ಹಾಕಿದರೆ ಪಕ್ಕದಿಂದ ಗ್ಯಾಸ್ ಸೋರಿ ಇಂಜೆಕ್ಟರ್ ಸುತ್ತ ಟಾರಿನಂಥ ಕಪ್ಪು ಕಟ್ಟಿ, ಮುಂದಿನ ಸಲ ಬಿಚ್ಚುವುದೇ ಕಷ್ಟ. ಡಿಪಿಎಫ್ ಪದೇ ಪದೇ ತುಂಬುವ ಗಾಡಿಯಲ್ಲಿ ಡಿಪಿಎಫ್‌ನದೇ ತಪ್ಪು ಇರುವುದು ಅಪರೂಪ. ಮೊದಲು ಇಂಜೆಕ್ಟರ್‌ಗಳ ಲೀಕ್-ಆಫ್ ಟೆಸ್ಟ್ ಮಾಡಿಸಿ, ಇಂಟರ್‌ಕೂಲರ್ ಪೈಪ್ ಬಿರಿದಿದೆಯಾ, ಹೊಗೆಯಲ್ಲಿ ಒಂದು ಪಾಲನ್ನು ಮತ್ತೆ ಎಂಜಿನ್‌ಗೆ ಬಿಡುವ ಇಜಿಆರ್ ವಾಲ್ವ್ ತೆರೆದೇ ಸಿಕ್ಕಿಕೊಂಡಿದೆಯಾ ನೋಡಿಸಿ. ಒತ್ತಡದ ಸೆನ್ಸರ್‌ಗೆ ಹೋಗುವ ಎರಡು ಸಣ್ಣ ರಬ್ಬರ್ ಪೈಪ್ ತೂತಾದರೂ ಇಸಿಯು ಲೆಕ್ಕ ತಪ್ಪುತ್ತದೆ. ತೋಟದ ಮನೆಯವರು ಇಲಿ ಕಡಿದ ವೈರನ್ನೂ ಹುಡುಕಿ, ಎಷ್ಟೋ ಸೆನ್ಸರ್ ಬಿಲ್ ಅಲ್ಲಿಗೇ ಮುಗಿಯುತ್ತದೆ.

ಎರಡನೇ ಗೇರ್
ಇಷ್ಟೆಲ್ಲ ಯಾಕೆ, ವಾರಂಟಿ ಮುಗಿದ ಮೇಲೆ ಡಿಪಿಎಫ್ ಒಳಗೆ ಕೊರೆದು ಇಸಿಯು ಮ್ಯಾಪ್ ಹಾಕಿಸಿಬಿಟ್ರೆ? 25 ಸಾವಿರಕ್ಕೆ ಮಾಡೋರಿದ್ದಾರೆ.

ಲೆಕ್ಕದ ಪುಸ್ತಕ
ಮಾಡೋರಿದ್ದಾರೆ, ಹಿಂದಕ್ಕೆ ಹಾಕೋರಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಸ್ವರೂಪ ಹಾಗೆ ಬದಲಿಸೋ ಹಾಗಿಲ್ಲ. ಇನ್ಶೂರೆನ್ಸ್‌ನವರು ಕ್ಲೈಮ್ ಹೊತ್ತಲ್ಲಿ ತಕರಾರು ತೆಗೆಯೋಕೆ ಇದಕ್ಕಿಂತ ಒಳ್ಳೆ ನೆಪ ಬೇಕಾ? ಹದಿನೈದು ವರ್ಷಕ್ಕೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸುವಾಗ ಮತ್ತೆ ತೊಂದರೆ. ಇನ್ನು ಆ ಹೊಗೆ ಕುಡಿಯೋರು ನಮ್ಮ ಮಕ್ಕಳೇ. ಈ ಚರ್ಚೇಲಿ ಅಂಥ ಕೆಲಸ ಮಾಡೋರ ವಿಳಾಸ, ಫೋನ್ ನಂಬರ್ ಯಾರೂ ಹಾಕಬೇಡಿ.

ಹೇಮಾವತಿ ದಂಡೆ
ಡೀಸೆಲ್‌ಗೆ ಹತ್ತೇ ವರ್ಷ ಆಯುಷ್ಯ ಅನ್ನೋದು ಇಲ್ಲಿಗೂ ಬರುತ್ತಾ?

ಲೆಕ್ಕದ ಪುಸ್ತಕ
ಅದು ದೆಹಲಿ ಮತ್ತು ಸುತ್ತಲಿನ ಎನ್‌ಸಿಆರ್ ಪ್ರದೇಶಕ್ಕೆ ಹಾಕಿದ್ದ ನಿಯಮ. 2015ರ ಹಸಿರು ನ್ಯಾಯಮಂಡಳಿ ಆದೇಶ, 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು. ಕರ್ನಾಟಕದಲ್ಲಿ ಹಾಗಿಲ್ಲ. ನೋಂದಣಿ 15 ವರ್ಷ, ಆಮೇಲೆ ಎಫ್‌ಸಿ ಮಾಡಿಸಿ ಗ್ರೀನ್ ಟ್ಯಾಕ್ಸ್ ಕಟ್ಟಿ ಐದೈದು ವರ್ಷಕ್ಕೆ ನವೀಕರಿಸಬಹುದು. ನೀವು ಹತ್ತು ವರ್ಷ ಅಂದಿದ್ದೀರಲ್ಲ, ಹಾಗಿದ್ರೆ ಎಕ್ಸ್‌ಟೆಂಡೆಡ್ ವಾರಂಟಿ ಸಿಗೋ ಅಷ್ಟೂ ವರ್ಷಕ್ಕೆ ತಗೊಳ್ಳಿ. ಪೆಟ್ರೋಲ್ ಗಾಡಿಯಲ್ಲಿ ಇದು ಐಚ್ಛಿಕ, ಇಲ್ಲಿ ಕಡ್ಡಾಯ ಅಂತಲೇ ತಿಳ್ಕೊಳ್ಳಿ. ಇಂಜೆಕ್ಟರ್, ಹೈ ಪ್ರೆಷರ್ ಪಂಪ್, ಟರ್ಬೊ, ಡಿಪಿಎಫ್, ನಾಕ್ಸ್ ಸೆನ್ಸರ್ ಈ ಐದೂ ಸೇರಿದೆಯಾ ಅಂತ ಪುಸ್ತಕದಲ್ಲಿ ಓದಿ. ಬಾಯಿಮಾತು ಬೇಡ. ಡಿಪಿಎಫ್ ಮಸಿ ಕಟ್ಟೋದನ್ನ "ಬಳಕೆಯ ತಪ್ಪು" ಅಂತ ಹೊರಗಿಟ್ಟಿರೋ ಷರತ್ತು ಕೆಲವರದ್ದಿದೆ.

ಕಡಲ ಕಡೆಯವ
ಹೊಸದು ಬೇಡ, ಮೂರು ವರ್ಷದ ಸೆಕೆಂಡ್ ಹ್ಯಾಂಡ್ ತಗೊಳ್ಳುವುದಾದರೆ ಏನು ನೋಡುವುದು?

ಸ್ಪ್ಯಾನರ್ 12-13
ಮೊದಲು ಸೈಲೆನ್ಸರ್ ಬಾಯೊಳಗೆ ಬೆರಳು ಹಾಕಿ ಒರೆಸಿ, ತಣ್ಣಗಿರುವಾಗ. ಸರಿಯಿರುವ ಬಿಎಸ್6 ಡೀಸೆಲ್‌ನಲ್ಲಿ ಬೆರಳಿಗೆ ಹೆಚ್ಚೆಂದರೆ ಬೂದು ಧೂಳು ಹತ್ತುತ್ತದೆ. ಕಾಡಿಗೆ ಹಾಗೆ ಕಪ್ಪು ಹತ್ತಿದರೆ ಡಿಪಿಎಫ್ ಬಿರಿದಿದೆ ಅಥವಾ ಯಾರೋ ಕೊರೆದಿದ್ದಾರೆ. ಅಲ್ಲಿಗೇ ವಾಪಸ್ ಬನ್ನಿ.

ದಾಟಿದರೆ ಸ್ಕ್ಯಾನರ್ ಹಾಕಿಸಿ. ಕಳೆದ ರೀಜನ್ ಆಗಿ ಎಷ್ಟು ಕಿ.ಮೀ. ಆಯಿತು, ಎರಡು ರೀಜನ್ ನಡುವೆ ಸರಾಸರಿ ಎಷ್ಟು ಎಂದು ನೋಡಿ. ಹೈವೇ ಗಾಡಿಯಲ್ಲಿ 400–600 ಕಿ.ಮೀ. ಇರಬೇಕು. 100–150ಕ್ಕೊಮ್ಮೆ ಆಗುತ್ತಿದ್ದರೆ ಒಂದೋ ಊರೊಳಗೇ ಓಡಿದೆ, ಇಲ್ಲವೇ ಬೂದಿ ತುಂಬಿದೆ. ಡಿಪಿಎಫ್ ಹಿಂದೆ ಮುಂದಿನ ಒತ್ತಡದ ವ್ಯತ್ಯಾಸ ಎಂಜಿನ್ ಆಫ್ ಇದ್ದು ಕೀ ಆನ್ ಇದ್ದಾಗ ಸೊನ್ನೆ ತೋರಿಸಬೇಕು, ಬಿಸಿ ಐಡಲ್‌ನಲ್ಲಿ 10 ಮಿಲಿಬಾರ್ ಒಳಗೆ. 3000 ಆರ್‌ಪಿಎಂಗೆ ಏರಿಸಿದಾಗ ಏರಿ, ಬಿಟ್ಟ ತಕ್ಷಣ ಇಳಿಯಬೇಕು. ಸೊನ್ನೆಯಿಂದ ಅಲ್ಲಾಡದಿದ್ದರೂ ಅನುಮಾನವೇ.

ಕ್ಲಚ್ ಬಿಡುವಾಗ ಅಡಿಯಿಂದ ದಡಬಡ ಸದ್ದು ಬಂದರೆ ಎಂಜಿನ್ ನಡುಕ ತಡೆಯುವ ಡ್ಯುಯಲ್ ಮಾಸ್ ಫ್ಲೈವೀಲ್ ಹೋಗುತ್ತಿದೆ, ಕ್ಲಚ್ ಜೊತೆ ಸೇರಿ ದೊಡ್ಡ ಬಿಲ್. ಡಿಪ್‌ಸ್ಟಿಕ್ ಹೇಳಿಯೇ ಇದ್ದೇನೆ.

ಹೇಮಾವತಿ ದಂಡೆ
ಎಲ್ಲರಿಗೂ ಥ್ಯಾಂಕ್ಸ್. ಕೊನೆಗೊಂದು: ಆಫೀಸಿಗೆ ಹೋಗೋ 6 ಕಿ.ಮೀ.ಗೆ ಮನೆಯಲ್ಲಿರೋ ಹಳೇ ಆಕ್ಟಿವಾನೇ ಇಟ್ಟುಕೊಂಡು, ಕಾರನ್ನ ಬೆಂಗಳೂರಿಗೆ, ವಾರಕ್ಕೊಂದು ಸಲ ಸಕಲೇಶಪುರದ ತೋಟಕ್ಕೆ ಮಾತ್ರ ತೆಗೆದ್ರೆ? ವಾರಗಟ್ಟಲೆ ನಿಂತ್ರೆ ತೊಂದರೆನಾ?

ಸ್ಪ್ಯಾನರ್ 12-13
ದಿನಾ 6 ಕಿ.ಮೀ. ಓಡಿಸುವುದಕ್ಕಿಂತ ವಾರ ನಿಲ್ಲಿಸುವುದೇ ಮೇಲು. ನಡುವೆ ಬರೀ ಸ್ಟಾರ್ಟ್ ಮಾಡಿ ಐದು ನಿಮಿಷ ಐಡಲ್ ಬಿಟ್ಟು ಆಫ್ ಮಾಡುವ ಅಭ್ಯಾಸ ಬೇಡ, ಮಸಿ ಹುಟ್ಟುವುದೇ ಆಗ. ಸ್ಟಾರ್ಟ್-ಸ್ಟಾಪ್ ಇರುವ ಗಾಡಿಗೆ ಇಎಫ್‌ಬಿ ಅಥವಾ ಎಜಿಎಂ ಎಂಬ ವಿಶೇಷ ಜಾತಿಯ ಬ್ಯಾಟರಿ ಇರುತ್ತದೆ, ಬದಲಿಸುವಾಗ ಅದೇ ಜಾತಿಯದು ಹಾಕಿ. ಎರಡು ವಾರ ಮೀರಿ ನಿಲ್ಲುವುದಾದರೆ ಸಣ್ಣ ಚಾರ್ಜರ್ ಹಾಕಿಡಿ. ಹಾಸನದಿಂದ ಸಕಲೇಶಪುರ 40 ಕಿ.ಮೀ. ಹತ್ತಿರ ಇದೆಯಲ್ಲ, ಅಷ್ಟು ಸಾಕು. ಅಲ್ಲಿ ಇಳಿಯುವ ಮೊದಲು ಐಡಲ್ ಎಷ್ಟಿದೆ ಎಂದು ಒಮ್ಮೆ ನೋಡಿ ಕೀ ತೆಗೆಯಿರಿ.